ಜೋಯಿಸರ ಮಗಳೂ ಒಂದು ಕಡಲೆಕಾಳೂ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಾಗ ಅನ್ಕೋ, ಹೊಳೆದಂಡೆ ಊರಲ್ಲಿ ತಿರುಮಲ ಜೋಯಿಸರು ಅಂತ ಇದ್ದರಂತೆ. ಕಾಲು ಒದೀಬೇಡ ಪುಟ್ಟಿ, ಹೊದಿಕೆ ನಂಗೂ ಬೇಕು. ಅವರಿಗೆ ಮೂರು ಹೆಣ್ಣುಮಕ್ಕಳಂತೆ. ದೊಡ್ಡವಳ ಜಾತಕದಲ್ಲಿ ರಾಜಯೋಗ, ನಡುವಿನವಳದ್ದರಲ್ಲಿ ಧನಯೋಗ, ಇಬ್ಬರಿಗೂ ಜಾಂ ಜಾಂ ಅಂತ ಮದುವೆ ಆಯ್ತಂತೆ. ಆಮೇಲೆ ಉಳಿದೋಳು ಅಚ್ಚಮ್ಮ. ಅವಳು ಹುಟ್ಟಿದ ದಿನ ಜೋಯಿಸರು ಓಲೆಗರಿ ಮೇಲೆ ಕುಂಡಲಿ ಬರೆದು ನೋಡ್ತಾರೆ, ಚಂದ್ರನ ಹಿಂದಿನ ಮನೇಲೂ ಯಾರಿಲ್ಲ, ಮುಂದಿನ ಮನೇಲೂ ಯಾರಿಲ್ಲ. ಅಯ್ಯೋ, ಕೇಮದ್ರುಮ ಯೋಗ! ಅಂದರೆ ಒಂಟಿ ಬಾಳಂತೆ. ಜೋಯಿಸರು ಕಣ್ಣೊರೆಸಿಕೊಂಡು ಆ ಓಲೆ ಕಟ್ಟಿ ಅಟ್ಟದ ಮೇಲಿಟ್ಟವರು ಮತ್ತೆ ತೆಗೀಲೇ ಇಲ್ಲವಂತೆ.

ಆಮೇಲೆ ಅಚ್ಚಮ್ಮ ದೊಡ್ಡವಳಾದಳು, ಗಂಡಿನ ಕಡೆಯವರು ಬಂದರು. ಜೋಯಿಸರು ಸತ್ತರೂ ಜಾತಕದ ವಿಷಯದಲ್ಲಿ ಸುಳ್ಳು ಹೇಳೋರಲ್ಲ. ಮಗಳಿಗೆ ಕೇಮದ್ರುಮ ಅಂದೇಬಿಟ್ಟರಂತೆ. ಬಂದವರು ಅವಲಕ್ಕಿ ತಿಂದು ಎದ್ದು ಹೋದರು. ಆಮೇಲೆ ಇನ್ನೊಬ್ಬರು ಬಂದರು, ಅವರೂ ತಿಂದು ಎದ್ದರು. ಅವಲಕ್ಕೀಲಿ ಮಾತ್ರ ಯಾರಿಗೂ ದೋಷ ಕಾಣಲಿಲ್ಲ ನೋಡು!

ಮೂರನೇ ಸಲ ಬಂದವನು ಆಚೆದಡದ ವಾಸಪ್ಪ, ಹುಡುಗರಿಗೆ ಮಗ್ಗಿ ಹೇಳಿಕೊಡೋನು, ಜೊತೆಗೆ ಅವನ ಅಜ್ಜಿ. ಅವನು ನಕ್ಕಿದ್ದು ನೋಡೇ ಅಚ್ಚಮ್ಮನಿಗೆ ಮನಸಾಗಿಬಿಟ್ಟಿತಂತೆ. ಇವನೂ ಎದ್ದು ಹೋದರೆ ಏನಪ್ಪಾ ಗತಿ ಅಂದ್ಕೊಂಡಳಂತೆ. ಜೋಯಿಸರು ಬಾಯಿ ತೆರೆಯೋದರೊಳಗೆ, ಅಪ್ಪಯ್ಯ, ತಡೀರಿ, ನನ್ನ ಹಣೇಬರಹ ನಾನೂ ಒಂದ್ಸಲ ನೋಡ್ತೀನಿ ಅಂದಳಂತೆ. ಬೇಡ ಮಗಾ ಅಂದರು ಅವರು. ಅವಳು ಬಿಡ್ತಾಳಾ? ಏಣಿ ಹಾಕಿ ತಾನೇ ಅಟ್ಟ ಹತ್ತಿ ಓಲೆ ಇಳಿಸಿದಳು.

ಆಮೇಲೆ ರಂಗೋಲಿ ಹಿಟ್ಟಲ್ಲಿ ಹನ್ನೆರಡು ಮನೆ ಬರೆದು, ಓಲೇಲಿ ಇದ್ದ ಹಾಗೇ ಕಾಳು ಇಟ್ಟಳಂತೆ. ಒಂದೊಂದು ಗ್ರಹಕ್ಕೂ ಒಂದೊಂದು ಕಾಳು ಕಣೇ, ಚಂದ್ರನಿಗೆ ಅಕ್ಕಿ, ಶನಿಗೆ ಎಳ್ಳು, ಗುರುವಿಗೆ ಕಡಲೆ. ಅಕ್ಕಿಯ ಅಕ್ಕಪಕ್ಕ ಬರೀ ನೆಲ. ಅವಳ ಮುಖ ಸಣ್ಣಗಾಯ್ತು. ಆದರೂ, ಅಪ್ಪ ಬೇರೆಯವರ ಜಾತಕಕ್ಕೆ ಹೀಗೇ ಬೆರಳಿಟ್ಟು ಮುಂದೆ ಮುಂದೆ ಎಣಿಸೋದು ನೋಡಿದ್ದಳಲ್ಲ, ತಾನೂ ಎಣಿಸಿದಳಂತೆ. ಅಕ್ಕಿ ಇದ್ದ ಮನೆ ಒಂದು, ಆಮೇಲೆ ಎರಡು, ಮೂರು, ನಾಲ್ಕು. ನಾಲ್ಕರಲ್ಲಿ ಗುಂಡಗೆ ಕೂತಿತ್ತು ಕಡಲೆಕಾಳು!

ಜೋಯಿಸರು ಹಣೆ ಚಚ್ಚಿಕೊಂಡರಂತೆ. ಚಂದ್ರನಿಂದ ನಾಲ್ಕಕ್ಕೆ ಗುರು, ಗಜಕೇಸರಿ ಯೋಗ ಕಣೇ ಇದು, ಇದಿದ್ದರೆ ಕೇಮದ್ರುಮ ಭಂಗ, ಆ ದೋಷ ಇದ್ದೂ ಇಲ್ಲದ ಹಾಗೆ! ಊರವರದ್ದು ನೂರು ಸಲ ತಿರುವಿ ಹಾಕಿದೆ, ನಿನ್ನದು ಎರಡನೇ ಸಲ ನೋಡೋಕೆ ಧೈರ್ಯ ಬರಲಿಲ್ಲ ಮಗಾ ಅಂತ ಅತ್ತುಬಿಟ್ಟರಂತೆ.

ವಾಸಪ್ಪನ ಅಜ್ಜಿ ಅವಲಕ್ಕಿ ಮೆಲ್ಲುತ್ತಾ, ಅಳಬೇಡಿ ಜೋಯಿಸರೇ, ಭಂಗ ಆಗದಿದ್ದರೂ ಈ ಹುಡುಗೀನ ಕರ್ಕೊಂಡೇ ಹೋಗ್ತಿದ್ದೆ, ನಂದೂ ಕೇಮದ್ರುಮವೇ, ಹನ್ನೊಂದು ಮೊಮ್ಮಕ್ಕಳು, ಒಂದು ಗಳಿಗೆ ಒಂಟಿಯಾಗಿ ಕೂರೋಣ ಅಂದರೆ ಬಿಡ್ತಾವಾ ಅಂದಳಂತೆ!

ಆಮೇಲೆ ಮದುವೆ ಆಯ್ತು, ಬಂದವರಿಗೆಲ್ಲ ಕಡಲೆ ಉಸಲಿ, ಅಚ್ಚಮ್ಮ ವಾಸಪ್ಪ ಸುಖವಾಗಿದ್ದರಂತೆ. ಕತೆ ಮುಗೀತು. ಏನು, ನಿನ್ನ ಜಾತಕದಲ್ಲಿ ಏನಿದೆ ಅಂತೀಯಾ? ಬೆಳಗ್ಗೆ ನೋಡೋಣ. ಈಗ ನಿನ್ನ ಈ ಪಕ್ಕ ನಾನಿದೀನಿ, ಆ ಪಕ್ಕ ನಿಮ್ಮಮ್ಮ. ಕಣ್ಮುಚ್ಚು.