ಅಳಿಯನ ಮೊಳ

ಶಿಷ್ಯನು ಕೇಳಿದನು: "ಗುರುಗಳೇ, ಊರೆಲ್ಲ ಮುರಿದ ನಿಯಮವನ್ನು ನಾನೊಬ್ಬ ಪಾಲಿಸಿದರೆ ನನಗೇನು ಬಂತು?"

ಗುರುಗಳು ಹೇಳಿದರು: "ಬಂದದ್ದನ್ನು ಆಮೇಲೆ ನೋಡೋಣ. ಮೊದಲು ನಿಯಮವನ್ನು ಕೇಳು."

ಒಂದು ಊರಿತ್ತು. ಊರಿಗೆ ಆತುಕೊಂಡು ಒಂದು ಬೆಟ್ಟ, ಬೆಟ್ಟದ ಮೇಲೊಂದು ಗುಡಿ. ಊರು ಕಟ್ಟಿದ ಹಿರಿಯರು ಗುಡಿಯ ಕಲ್ಲುಮೆಟ್ಟಿಲಿನ ಮೇಲೆ ಒಂದು ಗೆರೆ ಕೊರೆಸಿ, ಅದರ ಕೆಳಗೆ ಹೀಗೆ ಬರೆಸಿದ್ದರು: 'ಈ ಗೆರೆಯೇ ಮೊಳ. ಯಾರ ಕೈಯೂ ಮೊಳವಲ್ಲ.' ಬಟ್ಟೆಯಾಗಲಿ, ಹಗ್ಗವಾಗಲಿ, ಹೊಲವಾಗಲಿ, ಈ ಗೆರೆಯಿಂದಲೇ ಅಳೆಯಬೇಕು. ಗೆರೆಯ ಅರ್ಧ ಒಂದು ಗೇಣು. ಅಂಥ ನಾಲ್ಕು ಗೆರೆ ಒಂದು ಮಾರು. ನಿಯಮ ಇಷ್ಟೇ.

ಮುರಿದವನು ಕಳ್ಳನಲ್ಲ, ಊರಿನ ಗೌಡ. ಅವನಿಗೆ ಮಂಡಿನೋವು. "ಇವತ್ತೊಂದು ದಿನ ಕೈಯಲ್ಲೇ ಅಳೆದುಬಿಡೋಣ. ನನ್ನ ಕೈಯೂ ಹೆಚ್ಚುಕಡಿಮೆ ಗೆರೆಯಷ್ಟೇ ಇದೆ" ಎಂದನು. ಹೆಚ್ಚೋ ಕಡಿಮೆಯೋ ಎಂದು ಯಾರೂ ಕೇಳಲಿಲ್ಲ. ಮರುದಿನ ಊರಿಗೆಲ್ಲ ಮಂಡಿನೋವು ಬಂತು.

ಕೆಲವರು ಬೆಟ್ಟ ಹತ್ತಿ, ಗೆರೆಯ ಅಳತೆಗೆ ಕೋಲು ಕಡಿದು ತಂದರು. ಮಾರುವವರ ಮನೆಯಲ್ಲಿ ಕೋಲು ಸವೆಯಿತು. ಕೊಳ್ಳುವವರ ಮನೆಯಲ್ಲಿ ಬೆಳೆಯಿತು. ಕೊನೆಗೆ ಕೋಲಿಗಿಂತ ಕೈಯೇ ವಾಸಿ ಎಂದಾಯಿತು. ಹಾಗೆಂದು ಊರವರು ಗೆರೆಗೆ ಅಪಮಾನ ಮಾಡಲಿಲ್ಲ. ವರ್ಷಕ್ಕೊಮ್ಮೆ ಮೇಲೆ ಹೋಗಿ, ಮೆಟ್ಟಿಲಿಗೆ ಅರಿಸಿನ ಮೆತ್ತಿ, ಕೈಮುಗಿದು ಇಳಿಯುತ್ತಿದ್ದರು. ಅರಿಸಿನದ ಅಡಿಯಲ್ಲಿ ಗೆರೆ ಕಾಣುತ್ತಿರಲಿಲ್ಲ.

ಈಗ ಕೈಗೊಂದು ಮೊಳವಾಯಿತು. ಒಬ್ಬನ ಮೊಳವನ್ನು ಇನ್ನೊಬ್ಬನ ಮೊಳಕ್ಕೆ ಇಳಿಸದೆ ವ್ಯಾಪಾರ ಸಾಗುವಂತಿರಲಿಲ್ಲ. ಆದ್ದರಿಂದ ಶಾಲೆಯ ಐಗಳು ಮಕ್ಕಳಿಗೆ ಅದನ್ನೇ ಮಗ್ಗಿಯಾಗಿ ಬಾಯಿಪಾಠ ಮಾಡಿಸಿದರು. "ಗೌಡನ ಮೊಳ ಐದು, ಗಾಣಿಗನ ಮೊಳ ಆರು. ಗಾಣಿಗನ ಮೊಳ ಆರು, ಪೂಜಾರಿಯ ಮೊಳ ಏಳು." ಗೌಡ ಸತ್ತ ದಿನ ಮಗ್ಗಿಯಿಂದ ಒಂದು ಸಾಲು ಹೋಯಿತು. ಆ ಊರಿನ ಮಕ್ಕಳಿಗೆ ಯಾರ ಸಾವೂ ಪೂರ್ತಿ ದುಃಖ ತರುತ್ತಿರಲಿಲ್ಲ.

ಆದರೆ ಹೊಲಗಳನ್ನೆಲ್ಲ ಅಳೆದದ್ದು ಗೌಡನ ಮಾರಿನಿಂದ. ಬದುವಿನ ಜಗಳ ಬಂದಾಗ ಅವನ ಮಗನನ್ನು ಕರೆಯುತ್ತಿದ್ದರು. ಅವನು ಎರಡೂ ಕೈ ಚಾಚಿ ನಿಂತು, "ಅಪ್ಪ ನನಗಿಂತ ನಾಲ್ಕು ಬೆರಳು ಉದ್ದ" ಎನ್ನುತ್ತಿದ್ದನು. ಜಗಳ ಅವನದೇ ಹೊಲದ್ದಾದರೆ ಅಪ್ಪ ಎಂಟು ಬೆರಳು ಉದ್ದವಾಗುತ್ತಿದ್ದನು. ದೂರದ ಮಾತೂ ಹೀಗೆಯೇ. ಪಕ್ಕದ ಊರು ಒಂದು ಕೂಗಳತೆ ಎಂದರೆ, ಯಾರ ಕೂಗು ಎಂದು ಕೇಳಬೇಕಿತ್ತು. ತಳವಾರನ ಕೂಗು ಕೆರೆಯ ಏರಿಗೆ ಮುಟ್ಟಿ ನಿಲ್ಲುತ್ತಿತ್ತು. ಅವನ ಹೆಂಡತಿ ಅವನನ್ನು ಊಟಕ್ಕೆ ಕರೆದ ಕೂಗು ಪಕ್ಕದ ಊರನ್ನು ದಾಟುತ್ತಿತ್ತು.

ಅಂಥ ಊರಿನಲ್ಲಿ ಒಬ್ಬ ರೈತನಿದ್ದನು. ಪ್ರಾಯದವನು, ಒಳ್ಳೆಯವನು, ಕೈ ಬಹಳ ಉದ್ದ. ನಿಂತರೆ ಬೆರಳುಗಳು ಮಂಡಿಯನ್ನು ಸವರುತ್ತಿದ್ದವು. ಬಟ್ಟೆ ಕೊಳ್ಳಲು ಹೊರಟವರೆಲ್ಲ ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಬಟ್ಟೆ ಎಳೆದು ಅಳೆಯುತ್ತಿದ್ದನು. ಆ ಮನೆಯವರು ಅವನಿಗೆ ಹೋಳಿಗೆ ಬಡಿಸುತ್ತಿದ್ದರು. ನಿಯಮ ಅವನಿಗೂ ಗೊತ್ತಿತ್ತು. "ನಾನು ಕೈ ಚಾಚುತ್ತೇನೆ, ಅಷ್ಟೆ. ದೇವರು ಕೊಟ್ಟ ಕೈ. ಇದರಲ್ಲಿ ಮೋಸವೆಲ್ಲಿ?" ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದನು. ಎರಡನೆಯ ಹೋಳಿಗೆಯ ಹೊತ್ತಿಗೆ ಆ ಮಾತು ಸರಿಯೆಂದೇ ತೋರುತ್ತಿತ್ತು.

ಆ ಊರಿನ ಬಟ್ಟೆಯ ವರ್ತಕನಿಗೆ ಕೈ ಗಿಡ್ಡ, ಮಗಳು ಒಬ್ಬಳೇ. ಅವಳು ಅಂಗಡಿಯಲ್ಲಿ ಕೂತು ಮೊಳಗಳ ಲೆಕ್ಕ ಹಾಕುತ್ತಿದ್ದಳು. ಬಾಗಿಲಿಗೆ ಬಂದವನ ಕೈಯನ್ನು ಒಮ್ಮೆ ನೋಡಿದರೆ ಸಾಕು, ಅವನ ಮೊಳ ತನ್ನ ಅಪ್ಪನ ಮೊಳಕ್ಕೆ ಎಷ್ಟು ಎಂದು ಹೇಳಿಬಿಡುತ್ತಿದ್ದಳು. ರೈತನು ಮೊದಲ ಸಲ ಅಂಗಡಿಗೆ ಬಂದಾಗಲೂ ಹಾಗೆಯೇ ನೋಡಿ, "ಇವರ ಮೂರು, ಅಪ್ಪನ ನಾಲ್ಕು" ಎಂದಳು. ತನ್ನನ್ನು ಅಷ್ಟು ಸರಿಯಾಗಿ ನೋಡಿದವರು ಇನ್ನೊಬ್ಬರಿಲ್ಲ ಎಂದು ರೈತನಿಗೆ ಅನಿಸಿತು. ಅಂದಿನಿಂದ ಅವನು ಕರೆದವರ ಜೊತೆಗೂ ಬಂದನು, ಕರೆಯದವರ ಜೊತೆಗೂ ಬಂದನು.

ಒಂದು ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕೇಳಿದಳು:

"ಗೆರೆಯ ಲೆಕ್ಕದಲ್ಲಿ ನಿಮ್ಮ ಕೈ ಎಷ್ಟು?"

"ಯಾವ ಗೆರೆ?"

"ಬೆಟ್ಟದ ಮೇಲಿನದು."

"ಅಯ್ಯೋ, ಅದನ್ನು ಯಾರು ನೋಡಿದ್ದಾರೆ?"

"ನಾನೂ ನೋಡಿಲ್ಲ. ಊರಿನ ಕೈಗಳೆಲ್ಲ ನನಗೆ ಬಾಯಿಪಾಠ. ಅದೊಂದು ಮಾತ್ರ ಗೊತ್ತಿಲ್ಲ" ಎಂದಳು.

ರೈತ ನಕ್ಕನು. ಅವಳ ಜೊತೆ ಕೂತು ನಗುವುದೇ ಅವನಿಗೆ ಸಂತೋಷವಾಗಿತ್ತು. ಅವಳು ನಗಲಿಲ್ಲ ಎಂಬುದನ್ನು ಗಮನಿಸಲಿಲ್ಲ.

ಅವನು ವರ್ತಕನ ಬಳಿಗೆ ಹೋಗಿ ಮಗಳನ್ನು ಕೇಳಿದನು. ಆ ಊರಿನಲ್ಲಿ ಜಾತಕ ನೋಡುವ ಮೊದಲು ಕೈ ನೋಡುತ್ತಿದ್ದರು. ಕೊಳ್ಳುವವರ ಮನೆಗೆ ಉದ್ದಗೈಯ ಸಂಬಂಧ ಬೇಕು, ಮಾರುವವರ ಮನೆಗೆ ಗಿಡ್ಡಗೈಯದು. ರೈತನಿಗೆ ಹೆದರಿಕೆಯಿತ್ತು. ವರ್ತಕ ಅವನ ಕೈಯನ್ನು ಹಿಡಿದು, ತಿರುಗಿಸಿ, ಎತ್ತಿನ ಹಲ್ಲು ನೋಡುವವನಂತೆ ನೋಡಿದನು.

"ಜನ ನಗುತ್ತಾರೆ. ಮಾರುವವನ ಮನೆಗೆ ಉದ್ದಗೈ ಅಳಿಯನೇ ಎನ್ನುತ್ತಾರೆ. ಅವರಿಗೆ ಅರ್ಧ ಲೆಕ್ಕ ಮಾತ್ರ ಬರುತ್ತದೆ" ಎಂದನು.

"ಇನ್ನರ್ಧ ಯಾವುದು, ಯಜಮಾನರೇ?"

"ನಾನು ಮಾರುವವನು, ಸರಿ. ಮಾರುವುದಕ್ಕೆ ಮೊದಲು ಕೊಳ್ಳುತ್ತೇನಲ್ಲ! ನೇಕಾರರ ಹತ್ತಿರ ಕೊಳ್ಳುವಾಗ ಅಳಿಯನ ಮೊಳ; ಅಂಗಡಿಯಲ್ಲಿ ಮಾರುವಾಗ ಮಾವನ ಮೊಳ. ಮೂರು ಮೊಳ ಒಳಗೆ ಬಂದದ್ದು ನಾಲ್ಕು ಮೊಳವಾಗಿ ಹೊರಗೆ ಹೋಗುತ್ತದೆ. ಮಗ್ಗವಿಲ್ಲ, ನೂಲಿಲ್ಲ, ಬಟ್ಟೆ ಹುಟ್ಟುತ್ತದೆ! ನೀನು ಅಳೆಯುತ್ತೇನೆಂದು ಒಪ್ಪಿದರೆ ಮದುವೆ."

ರೈತನು ಒಪ್ಪಿದನು. ಒಪ್ಪದಿದ್ದರೆ ಅವಳು ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಅವಳು; ಬಟ್ಟೆ ಯಾರ ಕಡೆ ಹೋದರೇನು?

ಹೊರಡುವಾಗ ವರ್ತಕ ಹಿಂದಿನಿಂದ ಕೂಗಿ ಹೇಳಿದನು: "ಅಳಿಯಂದಿರೇ, ನಡುಬೆರಳಿನ ಉಗುರನ್ನು ಇನ್ನು ಮೇಲೆ ಕತ್ತರಿಸಬೇಡಿ."

ನಿಶ್ಚಯದ ದಿನ ಬಂತು. ವರ್ತಕ ಬೇರೆಯವರಂತೆ ಬರೀ ಬಂಧುಬಳಗವನ್ನು ಕರೆಯಲಿಲ್ಲ. ನೇಕಾರರನ್ನು ಕರೆದನು, ಮಳೆಗಾಲವಿಡೀ ನೇಯ್ದ ಬಟ್ಟೆಯನ್ನೆಲ್ಲ ತರಲು ಹೇಳಿದನು. ಹೊಸ ಅಳಿಯ ತಾಂಬೂಲ ಹಿಡಿದ ಕೈಯಿಂದಲೇ ಮೊದಲ ಖರೀದಿಯನ್ನು ಅಳೆಯಬೇಕು, ಅದು ಮನೆಗೆ ಶುಭ ಎಂದನು. ಇಂಥ ಶುಭವನ್ನು ಪುರೋಹಿತ ಎಲ್ಲೂ ಓದಿರಲಿಲ್ಲ. ಆದರೂ ತಲೆಯಾಡಿಸಿದನು.

ನೇಕಾರರೂ ಬರಿಗೈಯಲ್ಲಿ ಬರಲಿಲ್ಲ. ತಮ್ಮ ಕೇರಿಯ ಎಲ್ಲರಿಗಿಂತ ಸಣ್ಣ ಅಜ್ಜಿಯನ್ನು ಬುಟ್ಟಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಮಾರುವಾಗ ಅವರಿಗೆ ಅವಳ ಕೈಯೇ ಮೊಳ. ಅಜ್ಜಿ ಬುಟ್ಟಿಯಿಂದ ಇಳಿದು ರೈತನ ಕೈಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನಪ್ಪಾ ಮಗನೇ, ನಿಮ್ಮಮ್ಮ ನಿನ್ನನ್ನು ಹೆತ್ತಳೋ, ಹಿಡಿದು ಎಳೆದಳೋ?"

"ನಿನ್ನ ಕೈಯನ್ನು ನೀರಿಗೆ ಹಾಕಿದ್ದರೇನಜ್ಜಿ? ಒಂದೇ ಒಗೆತಕ್ಕೆ ಕುಗ್ಗಿಬಿಟ್ಟಿದೆ!" ಎಂದನು ರೈತ.

ಚಪ್ಪರವೆಲ್ಲ ನಕ್ಕಿತು. ಅಜ್ಜಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಒಬ್ಬ ನೇಕಾರ ಮಾತ್ರ ನಗಲಿಲ್ಲ. ಹೊಲಕ್ಕೆ ನುಗ್ಗಿದ ಗೂಳಿಯನ್ನು ನೋಡುವಂತೆ ಅವನು ರೈತನ ಕೈಯನ್ನೇ ನೋಡುತ್ತಿದ್ದನು. ಅವನ ತೊಡೆಯ ಮೇಲಿದ್ದ ಬಟ್ಟೆ ಒಂದೇ ಒಂದು ಸೀರೆ. ಕೆಂಪು ಅಂಚಿನದು.

ಮೊದಲು ಆ ಸೀರೆಯನ್ನೇ ಚಾಪೆಯ ಮೇಲೆ ಹಾಸಿದರು. ಅಜ್ಜಿ ಅಳೆದರೆ ಒಂದು ಲೆಕ್ಕ ಬಂತು, ರೈತನು ಅಳೆದರೆ ಇನ್ನೊಂದು ಬಂತು. ನೇಕಾರರು ಎದ್ದು ನಿಂತರು. ವರ್ತಕನ ಕಡೆಯವರೂ ಎದ್ದರು. ಪುರೋಹಿತ ಮುಹೂರ್ತ ಮೀರುತ್ತಿದೆ ಎಂದನು. ಆಗ ವರ್ತಕ ಎಲ್ಲರನ್ನೂ ಕೂರಿಸಿ, ನಗುತ್ತ ಮಗಳ ಕಡೆಗೆ ತಿರುಗಿದನು.

"ಜಗಳವೇಕೆ? ಲೆಕ್ಕ ಬಲ್ಲವಳು ಇಲ್ಲೇ ಕೂತಿದ್ದಾಳೆ. ಮಗಳೇ, ಅಜ್ಜಿಯ ಮೊಳವನ್ನು ನಿನ್ನ ಗಂಡನಾಗುವವರ ಮೊಳಕ್ಕೆ ಇಳಿಸಿ ಹೇಳು. ನೀನು ಹೇಳಿದ್ದೇ ಇನ್ನು ಮುಂದೆ ಮಗ್ಗಿ. ಐಗಳು ನಾಳೆಯಿಂದಲೇ ಪಾಠ ಮಾಡುತ್ತಾರೆ."

ಐಗಳು ಹೌದೆಂದರು. ಅವಳು ಒಂದು ಮಾತು ಹೇಳಿದರೆ ವ್ಯಾಪಾರ ಮುಗಿಯುತ್ತದೆ, ನಿಶ್ಚಯ ಮುಗಿಯುತ್ತದೆ, ಅವಳು ತನ್ನವಳಾಗುತ್ತಾಳೆ ಎಂದು ರೈತನ ಎದೆ ಹಿಗ್ಗಿತು. ಅವಳಿಗೆ ಲೆಕ್ಕ ಸುಲಭವಾಗಲಿ ಎಂದು ಕೈಯನ್ನು ಪೂರ್ತಿ ಚಾಚಿ, ಬೆರಳುಗಳನ್ನು ನೆಟ್ಟಗೆ ಮಾಡಿದನು.

ಅವಳು ಕೈಯನ್ನು ನೋಡಿದಳು. ಬೆರಳಿನ ತುದಿಯನ್ನು ನೋಡಿದಳು.

"ಉಗುರನ್ನೂ ಸೇರಿಸಬೇಕೇ?" ಎಂದು ಮೆಲ್ಲಗೆ ಕೇಳಿದಳು.

ರೈತನು ಅಷ್ಟೇ ಮೆಲ್ಲಗೆ ಹೇಳಿದನು: "ಮಾವನವರು ಸೇರಿಸು ಎಂದಿದ್ದಾರೆ."

ಅವಳು ಒಂದು ಗಳಿಗೆ ಅವನ ಮುಖವನ್ನು ನೋಡಿದಳು. ಇಷ್ಟು ದಿನ ಅವಳು ಕೈಯನ್ನು ನೋಡಿದ್ದಳೇ ಹೊರತು ಮುಖವನ್ನು ಹೀಗೆ ನೋಡಿರಲಿಲ್ಲ ಎಂದು ರೈತನಿಗೆ ಆಗ ತಿಳಿಯಿತು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕವೊಂದು ತಾಳೆಯಾಗದಾಗ ಅವಳು ಹುಬ್ಬು ಎತ್ತುತ್ತಿದ್ದಳಲ್ಲ, ಹಾಗೆ ಎತ್ತಿದ್ದಳು.

"ಅಪ್ಪಾ, ಈ ಲೆಕ್ಕ ನನಗೆ ಬರುವುದಿಲ್ಲ."

"ನಿನಗೆ ಬಾರದ ಲೆಕ್ಕವೇ?" ವರ್ತಕ ಜನರ ಕಡೆ ನೋಡಿ ನಕ್ಕನು. "ನಾಚಿಕೆ! ಮದುವಣಗಿತ್ತಿಯಲ್ಲವೇ? ಹೇಳು ತಾಯೀ, ಹೇಳು."

"ನಾಚಿಕೆಯೇ. ಇಷ್ಟು ದಿನ ಹೇಳಿದ್ದೆನಲ್ಲ, ಅದಕ್ಕೆ" ಎಂದಳು.

ಮಡಿಲಿನ ತಾಂಬೂಲವನ್ನು ತೆಗೆದು ತಟ್ಟೆಯಲ್ಲಿಟ್ಟಳು. ಚಾಪೆಯ ಮೇಲಿನ ಸೀರೆಯನ್ನು ಮಡಚಿ, ಅದನ್ನು ತಂದ ನೇಕಾರನ ಮುಂದೆ ಹಿಡಿದು, "ಅಣ್ಣಾ, ಇದನ್ನು ಸ್ವಲ್ಪ ಹೊತ್ತು ಕೊಡುತ್ತೀರಾ?" ಎಂದಳು. ನೇಕಾರನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೂಂ ಎಂದನು. ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಉಟ್ಟ ರೇಷ್ಮೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿ, ಚಪ್ಪರದಿಂದ ಹೊರಗೆ ನಡೆದಳು. ವರ್ತಕ ಕೂಗಿದನು. ಪುರೋಹಿತ ಮುಹೂರ್ತ ಎಂದನು. ಅಜ್ಜಿ ಬುಟ್ಟಿ ಹಿಡಿದುಕೊಂಡು, "ನನ್ನನ್ನೂ ಹೊತ್ತುಕೊಂಡು ಹೋಗಿರೋ, ಅಲ್ಲೇನು ನಡೆಯುತ್ತದೋ ನೋಡಬೇಕು!" ಎಂದು ಹುಡುಗರಂತೆ ಕುಣಿದಳು. ಯಾರೂ ಕದಲಲಿಲ್ಲ. ಹುಡುಗಿ ಹಿಂದಿರುಗಿ ನೋಡದೆ ಬೆಟ್ಟದ ಮೆಟ್ಟಿಲು ಹತ್ತತೊಡಗಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ನಗುತ್ತಿದ್ದನು. ಕೊನೆಗೆ ತಾಳಲಾರದೆ ಕೇಳಿದನು: "ಆಮೇಲೆ, ಗುರುಗಳೇ? ಆ ರೈತನಿಗೆ ಅವಳು ಸಿಕ್ಕಳೇ?"

ಗುರುಗಳು ಹೇಳಿದರು: "ನನಗೇನು ಬಂತು ಎಂದು ಕೈ ಚಾಚಿಕೊಂಡು ಇನ್ನೂ ಚಪ್ಪರದಲ್ಲೇ ನಿಂತಿರುವವನು ನೀನು. ಬೆಟ್ಟ ಹತ್ತುತ್ತೀಯೋ ಇಲ್ಲವೋ, ನೀನೇ ಹೇಳು."