ಘಾಟಿಯ ನಡುವೆ ಬದಲಾದ ಮೂಟೆಗಳು

“ಬುದ್ಧೀ, ಎದುರಾಳಿಯ ಸರಕನ್ನು ನನ್ನ ಲಾರಿಯಲ್ಲಿ ಹೇರಿಕೊಂಡರೆ ನನ್ನ ವ್ಯಾಪಾರವನ್ನು ನಾನೇ ಅವನ ಕೈಗಿಟ್ಟಂತಾಗುವುದಿಲ್ಲವೇ?” ಎಂದು ಚನ್ನವೀರಪ್ಪ ಗುರುಗಳನ್ನು ಕೇಳಿದ.

ಅವನ ಲಾರಿಗಳು ಬಂದರಿಗೆ ತುಂಬಿಕೊಂಡು ಹೋಗಿ ಖಾಲಿ ಬರುತ್ತಿದ್ದವು. ಅದೇ ಊರಿನ ಇನ್ನೊಬ್ಬ ಮಾಲೀಕನ ಲಾರಿಗಳು ಖಾಲಿ ಹೋಗಿ ಬಂದರಿನಿಂದ ತುಂಬಿಕೊಂಡು ಬರುತ್ತಿದ್ದವು. ಸರಕು ಹಂಚಿಕೊಂಡರೆ ಅರ್ಧ ಲಾರಿಗಳು ಸಾಕು, ಹೊಗೆಯೂ ಅರ್ಧವಾಗುತ್ತದೆ ಎಂದು ಆ ಮಾಲೀಕ ಹೇಳಿ ಕಳುಹಿಸಿದ್ದ. ಚನ್ನವೀರಪ್ಪನಿಗೆ ಮಾತು ಸರಿ ಎನಿಸಿತ್ತು, ಹೇಳಿದ ಮನುಷ್ಯ ಸರಿ ಎನಿಸಿರಲಿಲ್ಲ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕತೆ ಹೇಳಿದರು.

ಎತ್ತಿನ ಗಾಡಿಗಳ ಕಾಲದ ಮಾತು. ಘಾಟಿಯ ಕೆಳಗೆ ಒಬ್ಬ ಉಪ್ಪಿನ ವ್ಯಾಪಾರಿ, ಮೇಲೆ ಒಬ್ಬ ಅಕ್ಕಿಯ ವ್ಯಾಪಾರಿ. ಉಪ್ಪಿನವನ ಗಾಡಿಗಳು ತುಂಬಿ ಹತ್ತುತ್ತಿದ್ದವು, ಖಾಲಿ ಇಳಿಯುತ್ತಿದ್ದವು. ಅಕ್ಕಿಯವನ ಗಾಡಿಗಳು ತುಂಬಿ ಇಳಿಯುತ್ತಿದ್ದವು, ಖಾಲಿ ಹತ್ತುತ್ತಿದ್ದವು. ದಾರಿ ಒಂದೇ. ಎದುರಾದಾಗ ಇಬ್ಬರೂ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ನಿನ್ನ ಮೂಟೆ ಅವನ ಗಾಡಿಯಲ್ಲಿ ಹೋಗಲಿ, ಅವನದು ನಿನ್ನದರಲ್ಲಿ ಬರಲಿ ಎಂದು ಸಂತೆಯಲ್ಲಿ ಯಾರೋ ಹೇಳಿದ್ದುಂಟು. ಅದರಿಂದ ಹೆಚ್ಚು ಲಾಭ ಅವನಿಗೇ ಎಂದು ಉಪ್ಪಿನವನಿಗೆ ಗುಮಾನಿ. ಅಕ್ಕಿಯವನಿಗೂ ಅದೇ ಗುಮಾನಿ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಯಾವ ಅಂಗಡಿಗೆ ಸರಕು ಹೋಗುತ್ತದೆ ಎಂಬುದು ಎದುರಾಳಿಗೆ ತಿಳಿದರೆ ಅವನು ಅದೇ ಸರಕಿಗೂ ಕೈಹಾಕಿ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಾನೆ. ಹಾಗಾಗಿ ಇಬ್ಬರೂ ಮೂಟೆಗಳ ಮೇಲೆ ಗೋಣಿತಾಟು ಹೊದಿಸುತ್ತಿದ್ದರು. ಉಪ್ಪು ಉಪ್ಪೆಂದು, ಅಕ್ಕಿ ಅಕ್ಕಿಯೆಂದು ಊರಿಗೆಲ್ಲ ಗೊತ್ತಿತ್ತು ಬಿಡು.

ಘಾಟಿ ಇಳಿಯುವ ಗಾಡಿಗೆ ಒಂದು ಪದ್ಧತಿಯಿತ್ತು. ಇಳಿಜಾರಿನಲ್ಲಿ ಗಾಡಿ ಎತ್ತುಗಳ ಮೇಲೆ ನುಗ್ಗದಿರಲೆಂದು ದಾರಿ ಬದಿಯ ಎಳೆಯ ಮರವೊಂದನ್ನು ಕಡಿದು ಹಿಂದೆ ಕಟ್ಟುತ್ತಿದ್ದರು. ಅದು ನೆಲ ಕಚ್ಚಿಕೊಂಡು ಬಂದು ಗಾಡಿಯನ್ನು ತಡೆಯುತ್ತಿತ್ತು. ತಳ ಸೇರಿದ ಮೇಲೆ ಬಿಚ್ಚಿ ಎಸೆಯುತ್ತಿದ್ದರು. ಮತ್ತೆ ಮೇಲಕ್ಕೆ ಹೊರುವವರು ಯಾರು? ತುಂಬಿದ ಗಾಡಿಗೂ ಒಂದು ಮರ, ಖಾಲಿ ಗಾಡಿಗೂ ಒಂದು ಮರ.

ವರ್ಷಗಳು ಕಳೆದವು. ಘಾಟಿ ಬೋಳಾಯಿತು. ನಡುದಾರಿಯಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದ ಬುಗ್ಗೆ ಬೇಸಿಗೆಯಲ್ಲಿ ಬತ್ತತೊಡಗಿತು. ಉಪ್ಪಿನವನು ಕೆಲವು ಮೂಟೆ ಇಳಿಸಿ ಆ ಜಾಗದಲ್ಲಿ ನೀರಿನ ಕೊಡಗಳನ್ನಿಟ್ಟ. ಎದುರಾಳಿಗೆ ತನ್ನ ಪಾಡು ಗೊತ್ತಾಗಬಾರದೆಂದು ಕೊಡಗಳ ಮೇಲೂ ಗೋಣಿತಾಟು ಹೊದಿಸಿದ. ಮೇಲಿನವನೂ ಹಾಗೆಯೇ ಮಾಡಿದ.

ಒಂದು ಬೇಸಿಗೆ ಉಪ್ಪಿನ ವ್ಯಾಪಾರಿ ತಾನೇ ಗಾಡಿ ಹೊಡೆದುಕೊಂಡು ಹೊರಟ. ಎಡಗಡೆಯ ಎತ್ತು ಅವನು ಕರುವಿನಿಂದ ಸಾಕಿದ್ದು. ಕೊಡದ ನೀರು ಬುಗ್ಗೆಯ ತನಕ ಬರಲಿಲ್ಲ. ಬತ್ತಿದ ಬುಗ್ಗೆಯ ಹತ್ತಿರ ಆ ಎತ್ತು ಮೊಣಕಾಲೂರಿತು. ನೊಗ ಕಳಚಿ, ಬೆನ್ನು ತಟ್ಟಿ, ಹೆಸರು ಹಿಡಿದು ಕರೆದ. ಏಳಲಿಲ್ಲ. ಅದು ಕಣ್ಣೆದುರೇ ಸಾಯುತ್ತದೆಂದು ಅವನಿಗೆ ಅಳು ಬಂತು.

ಅಷ್ಟರಲ್ಲಿ ಮೇಲಿನಿಂದ ಅಕ್ಕಿಯ ಗಾಡಿ ಬಂತು. ಅದನ್ನೂ ಯಜಮಾನನೇ ಹೊಡೆಯುತ್ತಿದ್ದ. ಈ ಸಲ ಅವನು ಮುಖ ತಿರುಗಿಸಲಿಲ್ಲ. ಕೇಳುವ ಮೊದಲೇ ಗೋಣಿತಾಟು ಸರಿಸಿ ತನ್ನ ಕೊಡ ಇಳಿಸಿದ. ಎತ್ತು ನೀರು ಕುಡಿದು ಬಹಳ ಹೊತ್ತಿನ ಮೇಲೆ ಎದ್ದಿತು.

“ಇದು ಇನ್ನು ಹತ್ತೋದಿಲ್ಲ ಯಜಮಾನ್ರೇ, ಇಳಿಯೋದಾದ್ರೆ ಮೆಲ್ಲಗೆ ಇಳಿದೀತು. ನನ್ನವು ಹತ್ತಿ ಹೋಗ್ತವೆ. ಮೂಟೆ ಬದಲಾಯಿಸ್ಕೊಳ್ಳೋಣ,” ಎಂದ ಅಕ್ಕಿಯವನು.

“ನನ್ನ ಉಪ್ಪು ಯಾವ ಅಂಗಡಿಗೆ ಅಂತ ಹೇಳ್ಬೇಕಾಗ್ತದಲ್ಲ,” ಎಂದ ಉಪ್ಪಿನವನು.

“ನಾನೂ ಹೇಳ್ಬೇಕಲ್ಲ.”

ಮೂಟೆಗಳನ್ನು ಬೇಗ ಬದಲಾಯಿಸಿದರು. ಅಂಗಡಿಯ ಹೆಸರು ಹೇಳುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಇಬ್ಬರೂ ಹೇಳಿದರು. ಅಕ್ಕಿಯ ಗಾಡಿಗೆ ಕಟ್ಟಿದ್ದ ಮರವನ್ನು ಬಿಚ್ಚಿ ಉಪ್ಪಿನವನ ಗಾಡಿಗೆ ಕಟ್ಟಿದರು. ಉಪ್ಪು ಮೇಲಕ್ಕೆ ಹೋಯಿತು, ಅಕ್ಕಿ ಕೆಳಕ್ಕೆ ಬಂತು.

ಕೆಳಗೆ ಅಕ್ಕಿ ಇಳಿಸಬೇಕಾಗಿದ್ದ ಅಂಗಡಿಯನ್ನು ಕಂಡು ಉಪ್ಪಿನವನು ಪೆಚ್ಚಾದ. ಅದು ಅವನ ಮನೆಗೆ ಅಕ್ಕಿ ಕೊಡುತ್ತಿದ್ದ ಅಂಗಡಿಯೇ. ಇಷ್ಟು ವರ್ಷ ತಾನು ಉಂಡದ್ದು ಆ ಎದುರಾಳಿಯದೇ ಅಕ್ಕಿ.

ಆ ಎತ್ತು ಉಳಿಯಿತು. ಮುಂದಿನ ವಾರದಿಂದ ಬುಗ್ಗೆಯ ಬಳಿ ಮೂಟೆ ಬದಲಾಯಿಸುವುದೇ ರೂಢಿಯಾಯಿತು. ಯಾವ ಗಾಡಿಯೂ ಖಾಲಿ ನಡೆಯಲಿಲ್ಲ. ಗಾಡಿಗಳು ಅರ್ಧವಾದವು, ಕಡಿಯುವ ಮರಗಳೂ ಅರ್ಧವಾದವು. ಬುಗ್ಗೆ ಮಾತ್ರ ಅವರ ಕಾಲದಲ್ಲಿ ತುಂಬಲಿಲ್ಲ. ಮಕ್ಕಳ ಕಾಲದಲ್ಲಿ ತುಂಬಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರಪ್ಪ ತಲೆಯಾಡಿಸಿದ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

“ಎಲ್ಲ ಸರಿ ಬುದ್ಧೀ. ಕೊನೆಗೆ ಇಬ್ಬರಲ್ಲಿ ಹೆಚ್ಚು ಲಾಭ ಯಾರಿಗಾಯಿತು?” ಎಂದ.

“ಅದೊಂದನ್ನೇ ಕೇಳಿಕೊಳ್ಳುತ್ತ ಅವರು ಅಷ್ಟು ವರ್ಷ ಖಾಲಿ ಗಾಡಿ ಹೊಡೆದದ್ದು, ಚನ್ನವೀರಪ್ಪ,” ಎಂದರು ಗುರುಗಳು.