ರಾಣಿಗೂ ಉತ್ತರ ತಿಳಿಯದ ಒಗಟು

“ಕೇಳ್ರಪ್ಪೋ ಕೇಳ್ರಿ! ರಾಣಿ ಚಿತ್ರಾಂಬೆಯವರು ಮೂರು ಒಗಟು ಇಟ್ಟಾರ! ಮೂರೂ ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರ! ಒಂದು ತಪ್ಪಿದರೂ ತಲೆ ಹೋಗತೈತಿ!”

ಹೊನ್ನಗೆರೆಯ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದಾಗ ಊರಿನ ಬುದ್ಧಿವಂತರೆಲ್ಲ ಪೇಟ ಸರಿಮಾಡಿಕೊಂಡರು. ತಲೆ ಹೋಗುವ ಮಾತು ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ.

ಆ ಊರಿನ ಬಗ್ಗೆ ಮೊದಲು ಒಂದು ಮಾತು. ಬೇರೆ ರಾಜ್ಯಗಳು ಕೋಟೆಯಿಂದಲೋ ಗೋಪುರದಿಂದಲೋ ಹೆಸರಾದವು. ಹೊನ್ನಗೆರೆ ಹೆಸರಾದದ್ದು ಬಚ್ಚಲ ನೀರಿನಿಂದ. ನಗಬೇಡಿ. ಊರಿನ ಹೊಲಸೆಲ್ಲ ಹರಿದು ಕುಡಿಯುವ ಕೆರೆಯ ಪಕ್ಕದ ತಗ್ಗಿಗೆ ಬರುತ್ತಿತ್ತು. ಅಲ್ಲಿ ಎತ್ತುಗಳು ಕಪಿಲೆಯ ಹಗ್ಗ ಎಳೆದು ಚರ್ಮದ ಚೀಲದಲ್ಲಿ ಅದನ್ನು ದಿಬ್ಬಕ್ಕೆ ಎತ್ತುತ್ತಿದ್ದವು. ದಿಬ್ಬದ ಮೇಲೆ ಸಾಲು ಕೊಳಗಳು, ಮರಳು, ಜೊಂಡುಹುಲ್ಲು. ಮೊದಲ ಕೊಳಕ್ಕೆ ಕರ್ರಗೆ ಬಿದ್ದ ನೀರು ಕೊನೆಯ ಕೊಳದಲ್ಲಿ ಎಷ್ಟು ತಿಳಿಯಾಗಿರುತ್ತಿತ್ತೆಂದರೆ ತಳದ ಬೆಣಚುಕಲ್ಲು ಕಾಣುತ್ತಿತ್ತು. ದೂರದ ಊರಿನವರು ಬಂದು ಮಾತಿಲ್ಲದೆ ನಿಂತು ನೋಡುತ್ತಿದ್ದರು. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವಂಥ ನೋಟ ಅದು.

ಹೋದ ಕಾರಹುಣ್ಣಿಮೆಯ, ಅಂದರೆ ಎತ್ತುಗಳ ಹಬ್ಬದ ದಿನ ಆ ಕಪಿಲೆ ನಿಂತುಹೋಯಿತು. ಮಳೆ ಸುರಿಯಿತು, ತಗ್ಗು ಉಕ್ಕಿತು, ಹೊಲಸು ಕೆರೆಗೆ ಇಳಿಯಿತು. ವಾಂತಿಭೇದಿ ಮನೆಮನೆಯಲ್ಲೂ ಹೆಣ ಕೆಡವಿತು. ರಾಣಿಯ ಒಬ್ಬನೇ ಮಗ, ಇನ್ನೂ ತೊದಲುವ ಕೂಸು, ಅದೂ ಹೋಯಿತು. ಕಪಿಲೆ ಕಾಯುತ್ತಿದ್ದ ಕರಿಯಣ್ಣನನ್ನು ಸೆರೆಗೆ ಹಾಕಿದರು. ಬರುವ ಹುಣ್ಣಿಮೆಗೆ ಅವನಿಗೆ ಗಲ್ಲು.

ಒಗಟಿನ ದಿನ ಸಭೆ ತುಂಬಿತ್ತು. ರಾಣಿ ಮೊದಲನೆಯದನ್ನು ಕೇಳಿದಳು: “ನನ್ನ ರಾಜ್ಯದಲ್ಲಿ ಒಂದಿದೆ. ಅದು ಬರಿದಾಗಿದ್ದರೆ ನನಗೆ ಕಣ್ತುಂಬ ನಿದ್ದೆ. ತುಂಬಿತೆಂದರೆ ಎದೆ ನಡುಗುತ್ತದೆ. ಅದು ಯಾವುದು?”

ಶಾಸ್ತ್ರ ಓದಿದ ನಾಗದೇವ ಮೀಸೆಯಲ್ಲೇ ನಕ್ಕು, “ಸೆರೆಮನೆ” ಎಂದ.

“ಸೆರೆಮನೆ ತುಂಬಿದ್ದರೂ ನನಗೆ ನಿದ್ದೆ ಬರುತ್ತದೆ. ಹುಣ್ಣಿಮೆಯವರೆಗೆ ನೀನೂ ಅಲ್ಲೇ ಇರು” ಎಂದಳು ರಾಣಿ. ಭಟರು ಅವನ ರಟ್ಟೆ ಹಿಡಿದರು.

ಪಕ್ಕದ ರಾಜ್ಯದ ರಾಜಕುಮಾರ ಅದು ಸ್ಮಶಾನವೆಂದ. ಅವನೂ ಸೆರೆಗೆ ಹೋದ.

ಆಗ ಎದ್ದವನು ಗುಡದಪ್ಪ, ಕರಿಯಣ್ಣನ ಮಗ. ಕಪಿಲೆಯ ಎತ್ತುಗಳಿಗೆ ಹುಲ್ಲು ಹೊರುವವನು.

“ತಾಯೀ, ಅದು ಕೆರೀ ಮಗ್ಗಲಿನ ಖಾಲಿ ಕೊಳ. ತಗ್ಗು ಉಕ್ಕಿದರ ಹೊಲಸು ಹಿಡಿಯಾಕ ನಿಮ್ಮ ಅಜ್ಜಾರು ತೋಡಿಸಿದ್ದು. ಅದು ಖಾಲಿ ಐತಿ ಅಂದರ ಊರು ಸುಖವಾಗೈತಿ ಅಂತ.”

ರಾಣಿ ಹೌದೆಂದು ತಲೆಯಾಡಿಸಿದಳು. “ಎರಡನೆಯದು. ಹೊತ್ತುಹೊತ್ತಿಗೆ ತಿನ್ನುತ್ತದೆ. ಬೆವರು ಸುರಿಸಿದ್ದನ್ನು ಕಂಡವರು ಕಡಿಮೆ. ನೋಡಿದವರು ದಂಡ ಎನ್ನುತ್ತಾರೆ. ಆದರೂ ಅದನ್ನು ಮಾರಿದವನು ಮೂರ್ಖ.”

ಮಂತ್ರಿಯ ಅಳಿಯ ಒಬ್ಬ ಮೂಲೆಯಲ್ಲಿ ಕೂತಿದ್ದ. ಕೆಲವರು ಅವನ ಕಡೆ ನೋಡಿ ನಗು ತಡೆಯಲು ಬಾಯಿ ಮುಚ್ಚಿಕೊಂಡರು.

“ಎರಡನೇ ಜೋಡಿ ಎತ್ತರೀ” ಎಂದ ಗುಡದಪ್ಪ. “ಹಗ್ಗ ಎಳಿಯೋ ಜೋಡಿಗೆ ಕಾಲು ಉಳುಕಿದರ, ಹಬ್ಬದ ರಜಾ ಕೊಟ್ಟರ, ಇವು ನಿಲ್ಲಬೇಕು. ಅದಕ್ಕs ಮೇಯಿಸೋದು.”

“ಮೂರನೆಯದು” ಎಂದಾಗ ರಾಣಿಯ ದನಿ ಬದಲಾಯಿತು. “ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಇಟ್ಟುಕೊಂಡಿದ್ದೆ. ಬೇಕಾದ ದಿನ ಒಂದೂ ಇರಲಿಲ್ಲ. ಯಾರೂ ಕದ್ದಿರಲಿಲ್ಲ, ಯಾವುದೂ ಸತ್ತಿರಲಿಲ್ಲ. ಹೇಗೆ?”

ಗುಡದಪ್ಪನಿಗೆ ಉತ್ತರ ಗೊತ್ತಿತ್ತು. ಊರಿಗೆಲ್ಲ ಗೊತ್ತಿರಬೇಕಾದ ಉತ್ತರ ಅದು. ಆದರೆ ಆಡಿದರೆ ತಲೆ ಉಳಿಯುವುದೋ ಇಲ್ಲವೋ ಹೇಳಲಾಗದು. ಆಡದಿದ್ದರೆ ಅವನ ಜೊತೆಗೆ ಅಪ್ಪನೂ ಸಾಯುತ್ತಾನೆ.

“ತಾಯೀ, ಎರಡಿದ್ದರೂ ಒಂದs ಅಪ್ಪಣಿಗೆ ಎರಡೂ ಹೋದರ ಅವು ಎರಡಲ್ಲ, ಒಂದs. ಪ್ರತಿ ಕಾರಹುಣ್ಣಿಮಿಗೆ ದುಡಿಯೋ ಜೋಡಿ ಕರಿ ಹರಿಯೋ ಓಟಕ್ಕ ಹೋಗತಿತ್ತು, ಎರಡನೇ ಜೋಡಿ ಹಗ್ಗಕ್ಕ ನಿಲ್ಲತಿತ್ತು. ಈ ಸಲ ಕೂಸಿನ ಮೊದಲ ಹಬ್ಬ ಅಂತ, ಊರಾಗ ಒಂದೆತ್ತೂ ಮನಿಯಾಗ ಇರಬಾರದು ಅಂತ ಅಪ್ಪಣಿ ಆತು. ಕೊಂಬಿಗೆ ಬಣ್ಣ ಬಳಕೊಂಡು ನಾಲ್ಕೂ ಮೆರವಣಿಗಿಗೆ ಬಂದವು. ಖಾಲಿ ಕೊಳ ಸಂಜೀತನಕ ತಡೀತು. ಅಷ್ಟರಾಗ ಎತ್ತು ಜನರ ನಡುವ ಸಿಕ್ಕಿದ್ದವು.”

“ಯಾರ ಅಪ್ಪಣೆ?”

“ನಿಮ್ಮದs, ತಾಯೀ.”

ಮಂತ್ರಿ ಕಣ್ಣು ಮುಚ್ಚಿದ. ಭಟನೊಬ್ಬ ಕತ್ತಿಯ ಹಿಡಿಗೆ ಕೈ ಹಾಕಿದ. ರಾಣಿ ಕೈಯೆತ್ತಿ ಅವನನ್ನು ತಡೆದಳು.

“ಸರಿಯಾದ ಉತ್ತರ” ಎಂದಳು. “ಇದು ನನಗೂ ಗೊತ್ತಿರಲಿಲ್ಲ. ಗೊತ್ತಿರದ್ದಕ್ಕೇ ಒಗಟು ಮಾಡಿ ಕೇಳಿದೆ. ಆವತ್ತು ಕೊಟ್ಟ ನೂರು ಅಪ್ಪಣೆಗಳಲ್ಲಿ ಅದೂ ಒಂದು. ಏನು ಬೇಕು, ಕೇಳು.”

“ನಮ್ಮಪ್ಪನ್ನ ಬಿಡ್ರಿ. ತಪ್ಪು ಹೇಳಿದವರನ್ನೂ ಬಿಡ್ರಿ. ಎರಡನೇ ಜೋಡಿಗೆ ಕಪಿಲಿ ಮಗ್ಗಲಿನ ದಿಬ್ಬದ ಮ್ಯಾಲೆ ಬ್ಯಾರೆ ಕೊಟ್ಟಿಗಿ ಕಟ್ಟಿಸ್ರಿ. ಅವಕ್ಕ ಹಬ್ಬ ಮರುದಿನ ಆಗಲಿ. ಯಾರು ಕರೆದರೂ, ನೀವs ಕರೆದರೂ, ಅವು ಬರಬಾರದು.”

ರಾಣಿ ಅಲ್ಲೇ ಅಪ್ಪಣೆ ಮಾಡಿದಳು. ಕಪಿಲೆ, ಕೊಳ, ಎತ್ತುಗಳ ಮೇಲ್ವಿಚಾರಣೆಯನ್ನೂ ಗುಡದಪ್ಪನಿಗೆ ಕೊಟ್ಟಳು. ಆ ಕೆಲಸಕ್ಕೆ ಮಂತ್ರಿಯದಕ್ಕೆ ಸರಿಸಮವಾದ ಪೀಠ ಸಿಕ್ಕಿತು, ಮಂತ್ರಿಗೆ ಇಷ್ಟವಾಗಲಿಲ್ಲ. ಆಮೇಲೆ ಅವಳು ಪಲ್ಲಕ್ಕಿಯನ್ನೂ ಕರೆಸದೆ ಸೆರೆಮನೆಗೆ ನಡೆದುಹೋಗಿ, ತಾನೇ ಬೀಗ ತೆಗೆದಳು.

ಕರಿಯಣ್ಣ ಗೋಡೆ ಹಿಡಿದು ಎದ್ದು ನಿಂತ.

“ನಿನಗೆ ಎಲ್ಲ ಗೊತ್ತಿತ್ತು” ಎಂದಳು ರಾಣಿ. “ನೇಣಿಗೆ ಹೋಗುವವನು, ಒಂದು ಮಾತು ಯಾಕೆ ಹೇಳಲಿಲ್ಲ?”

ಮುದುಕ ಅವಳ ಮುಖ ನೋಡಲಿಲ್ಲ. “ಕೂಸನ್ನ ಮಣ್ಣಿಗಿಟ್ಟು ಬಂದ ತಾಯಿಗೆ, ಇದು ನಿನ್ನ ಕೈಯಿಂದs ಆತು ಅಂತ ಹೆಂಗ ಹೇಳಲವ್ವಾ?” ಎಂದ.

ರಾಣಿ ಸೆರೆಮನೆಯ ನೆಲದ ಮೇಲೆ ಕುಸಿದು ಕೂತಳು. ಮಗ ಸತ್ತ ದಿನವೂ ಅತ್ತಿರದವಳು ಆಗ ಅತ್ತಳು.